ಕೊಬ್ಬರಿ ದರದ ಅಂಕಿ ಎಷ್ಟು ಹಳೇದು? ರೈತ ಕಂಪನಿ ನಿರ್ದೇಶಕರಿಗೊಂದು ಪಾಠ

ರೈತ ಉತ್ಪಾದಕ ಕಂಪನಿಗಳ ಆಡಳಿತ ಮಂಡಳಿಯಲ್ಲಿ ಇರುವವರಿಗಾಗಿ ಈ ವಾರದ ಬರಹ. ನಮ್ಮ ಹಿರೀಸಾವೆ ಕಡೆ ತೆಂಗು ಜಾಸ್ತಿ, ಅದಕ್ಕೇ ಉದಾಹರಣೆಯನ್ನ ಕೊಬ್ಬರಿಯಿಂದಲೇ ತಗೊಂಡಿದ್ದೀನಿ. ಬೇರೆ ಬೆಳೆಯವರು ತಮ್ಮ ಬೆಳೆಗೆ ಹೊಂದಿಸಿಕೊಂಡು ಓದಬಹುದು.

ಹತ್ತು ವರ್ಷದ ಹಿಂದೆ ನಿರ್ದೇಶಕರಿಗೆ ಮಾಹಿತಿಯೇ ಸಿಗ್ತಿರಲಿಲ್ಲ. ಈಗ ಸಿಗೋದನ್ನ ಜರಡಿ ಹಿಡಿಯೋದೇ ಕೆಲಸ. ಅಗ್‌ಮಾರ್ಕ್‌ನೆಟ್‌ನಲ್ಲಿ ದೇಶದ ಮಾರುಕಟ್ಟೆಗಳ ಆವಕ, ದರ ಸಿಗುತ್ತೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದ ಮಳೆ ಲೆಕ್ಕ ಕೊಡುತ್ತೆ. ಬೆಳೆ ಸಮೀಕ್ಷೆಯಿಂದ ಯಾವ ಸರ್ವೆ ನಂಬರಿನಲ್ಲಿ ಏನು ಬೆಳೆ ಅಂತ ಗೊತ್ತಾಗುತ್ತೆ. ದೊಡ್ಡ ಕಂಪನಿಗಳಲ್ಲಿ ಇದನ್ನೆಲ್ಲ ನೋಡೋಕೆ ಪ್ರತ್ಯೇಕ ವಿಭಾಗವೇ ಇರುತ್ತೆ. ನಮ್ಮಲ್ಲಿ ಒಬ್ಬ ಸಿಇಒ, ಒಂದು ಲ್ಯಾಪ್‌ಟಾಪ್, ಅಷ್ಟೆ.

ಮೊದಲು ದರದ ಪಟ್ಟಿ ಓದೋದನ್ನ ಕಲಿಯೋಣ. ಅದರಲ್ಲಿ ಕನಿಷ್ಠ, ಗರಿಷ್ಠ, ಮೋಡಲ್ ಅಂತ ಮೂರು ದರ ಇರುತ್ತೆ. ವಾಟ್ಸಾಪ್ ಗುಂಪಿನಲ್ಲಿ ಓಡಾಡೋದು ಬರೀ ಗರಿಷ್ಠ ದರ. ಆ ದರ ಒಬ್ಬರ ಒಂದು ಒಳ್ಳೆ ಲಾಟಿಗೆ ಸಿಕ್ಕಿರಬಹುದು. ಹೆಚ್ಚು ಮಾಲು ಯಾವ ದರದ ಆಸುಪಾಸಿನಲ್ಲಿ ಮಾರಾಟವಾಯ್ತೋ ಅದು ಮೋಡಲ್. ಸಭೆಯಲ್ಲಿ ಚರ್ಚೆ ಆಗಬೇಕಾದ್ದು ಅದರ ಮೇಲೆ, ಅದರ ಪಕ್ಕದಲ್ಲಿ ಆವಕ ಎಷ್ಟು ಅನ್ನೋದೂ ಇರಬೇಕು.

ಇನ್ನು ಮುಖ್ಯ ವಿಷಯ. ಪ್ರತಿ ಅಂಕಿಗೂ ಒಂದು ವಯಸ್ಸಿರುತ್ತೆ. ಹೊಂಬಾಳೆ ಅರಳಿದ ಮೇಲೆ ಕಾಯಿ ಬಲಿಯೋಕೆ ಸುಮಾರು 12 ತಿಂಗಳು. ಆ ಕಾಯಿ ಅಟ್ಟದ ಮೇಲೆ ಉಂಡೆ ಕೊಬ್ಬರಿ ಆಗೋಕೆ ಇನ್ನೊಂದು 8–10 ತಿಂಗಳು. ಅಂದ್ರೆ ಇವತ್ತು ತಿಪಟೂರಿಗೆ ಬಂದ ಚೀಲದಲ್ಲಿರೋದು ಹೆಚ್ಚು ಕಡಿಮೆ 20 ತಿಂಗಳ ಹಿಂದಿನ ಹೂವು.

2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇತ್ತು, ಮಾರುಕಟ್ಟೆ ದರ ಅದಕ್ಕಿಂತ ತುಂಬಾ ಕೆಳಗಿತ್ತು. ಆ ದರ ನೋಡಿದ ಯಾವ ಮಂಡಳಿಯಾದ್ರೂ ಕೊಬ್ಬರಿ ಸಹವಾಸ ಬೇಡ ಅಂತಲೇ ತೀರ್ಮಾನ ಮಾಡ್ತಿತ್ತು. ಅದೇ ವರ್ಷ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯ್ತು. ಅಲ್ಲಿಂದ 20–22 ತಿಂಗಳು ಎಣಿಸಿ, 2025ರ ಮಧ್ಯಕ್ಕೆ ಬರ್ತೀರಿ. ಆಗ ತಿಪಟೂರಲ್ಲಿ ದರ 25,000 ದಾಟಿತ್ತು. ಬರ ಒಂದೇ ಕಾರಣ ಅಲ್ಲ, ಬಿಳಿ ನೊಣ, ಕಪ್ಪುತಲೆ ಹುಳು, ಎಳನೀರಿಗೆ ಕಾಯಿ ಹೋಗಿದ್ದು ಎಲ್ಲಾ ಸೇರಿತ್ತು. ಆದ್ರೆ ಮಳೆಯ ಅಂಕಿಯಲ್ಲಿ ಆ ಸುಳಿವು ಎರಡು ವರ್ಷ ಮೊದಲೇ ಇತ್ತು. ದರದ ಅಂಕಿಯಲ್ಲಿ ಇರಲಿಲ್ಲ.

ಎಳನೀರಿನ ಲೆಕ್ಕವೂ ಹೀಗೇ. ಏಳನೇ ತಿಂಗಳ ಕಾಯಿಯನ್ನ ಮದ್ದೂರಿಗೆ ಕಳಿಸಿದ್ರೆ, ಅದು ಅಟ್ಟಕ್ಕೆ ಬರೋದಿಲ್ಲ. ಹಾಗಾಗಿ ಈ ಬೇಸಿಗೆಯ ಮದ್ದೂರಿನ ದರ, ಒಂದು ವರ್ಷ ಬಿಟ್ಟು ತಿಪಟೂರಿನ ಆವಕದಲ್ಲಿ ಕಾಣಿಸುತ್ತೆ. ಎರಡೂ ಮಾರುಕಟ್ಟೆ ಅಂಕಿಯನ್ನ ಒಂದೇ ಹಾಳೆಯಲ್ಲಿ ಬರೆದಿಡೋ ನಿರ್ದೇಶಕರನ್ನ ನಾನಂತೂ ಕಂಡಿಲ್ಲ.

ಬೆಳೆ ಸಮೀಕ್ಷೆಯನ್ನೂ ಹುಷಾರಾಗಿ ಬಳಸಿ. ಅದು ತೆಂಗಿನ ವಿಸ್ತೀರ್ಣ ಹೇಳುತ್ತೆ, ಮರ ಎಷ್ಟು ಗೊನೆ ಹೊತ್ತಿದೆ ಅಂತ ಹೇಳೋದಿಲ್ಲ. ಸುಳಿ ಒಣಗಿದ ತೋಟವೂ ಅಲ್ಲಿ ತೋಟವೇ.

ಇದೆಲ್ಲ ಯಾಕೆ ಇಷ್ಟು ಮುಖ್ಯ ಅಂದ್ರೆ, ಹಣ ಸದಸ್ಯರದ್ದು. ಒಂದು ಲೆಕ್ಕ ಹಾಕೋಣ. 300 ಸದಸ್ಯರು, ತಲಾ 1,000 ರೂಪಾಯಿ ಷೇರು, ಒಟ್ಟು 3 ಲಕ್ಷ. ಕಂಪನಿ ಸಾಲ ಮಾಡಿ 25,000ದ ದರದಲ್ಲಿ 100 ಕ್ವಿಂಟಾಲ್ ಕೊಂಡು ಗೋದಾಮಿನಲ್ಲಿ ಇಟ್ಟಿತು ಅನ್ನಿ. ದರ ಬರೀ 3,000 ಇಳಿದ್ರೆ ಅಷ್ಟೂ ಷೇರು ಹಣ ಹೋಯ್ತು. ಬಡ್ಡಿ, ಬಾಡಿಗೆ, ತೂಕದಲ್ಲಿ ಒಣಗೋದು ಇನ್ನೂ ಸೇರಿಸಿಲ್ಲ.

ಇಲ್ಲೇ ಕಾನೂನನ್ನೂ ಸ್ವಲ್ಪ ನೋಡಿ. ಕಂಪನಿ ಕಾಯ್ದೆಯ ಪ್ರಕಾರ ಉತ್ಪಾದಕ ಕಂಪನಿಗೆ 5ರಿಂದ 15 ನಿರ್ದೇಶಕರು, ಮೂರು ತಿಂಗಳಿಗೆ ಒಂದಾದ್ರೂ ಸಭೆ, ಪೂರ್ಣಾವಧಿ ಸಿಇಒ ಇರಬೇಕು. ಕೊಬ್ಬರಿ ಹರಾಜು ವಾರಕ್ಕೆ ಎರಡು ಸಲ. ಸಭೆ ಕರೆಯೋ ಹೊತ್ತಿಗೆ ದರ ಎಲ್ಲಿಗೋ ಹೋಗಿರುತ್ತೆ. ಅದಕ್ಕೇ ಪ್ರತಿ ದರಕ್ಕೂ ಫೋನಿನಲ್ಲಿ ಅಭಿಪ್ರಾಯ ಕೇಳೋ ಬದಲು, ಮಿತಿಯನ್ನ ಮೊದಲೇ ನಡಾವಳಿಯಲ್ಲಿ ಬರೆಸಿ. ಒಂದು ತಿಂಗಳಲ್ಲಿ ಎಷ್ಟು ಕ್ವಿಂಟಾಲ್ ಕೊಳ್ಳಬಹುದು, ಎಷ್ಟು ದಿನಕ್ಕಿಂತ ಹೆಚ್ಚು ಇಟ್ಕೊಳ್ಳಬಾರದು, ದರ ಎಷ್ಟು ಇಳಿದ್ರೆ ಇದ್ದದ್ದನ್ನ ಮಾರಲೇಬೇಕು. ಸಿಇಒ ಆ ಮಿತಿಯೊಳಗೆ ಕೆಲಸ ಮಾಡ್ಲಿ. ಅಧ್ಯಕ್ಷರ ಅಂದಾಜು ಹೊಂದಿಕೆ ಆಗಲಿಲ್ಲ ಅಂತ ಮಧ್ಯದಲ್ಲಿ ಮಿತಿ ಬದಲಾಯಿಸೋದು ಬೇಡ. ನನ್ನ ಪ್ರಕಾರ ಶುರುವಿನ ಎರಡು ವರ್ಷ ಸಾಲ ಮಾಡಿ ದಾಸ್ತಾನು ಇಡೋದೇ ಬೇಡ, ಸದಸ್ಯರ ಮಾಲನ್ನ ವರ್ಗೀಕರಿಸಿ ಒಟ್ಟಿಗೆ ಮಾರಿಸಿ, ಕಮಿಷನ್ ಇಟ್ಕೊಂಡ್ರೆ ಸಾಕು.

ಕೊನೆಗೆ, ಯಾವ ಪೋರ್ಟಲ್‌ನಲ್ಲೂ ಸಿಗದ ಒಂದು ಅಂಕಿ ಇದೆ. ಒಳ್ಳೆ ತೆಂಗಿನ ಮರ ತಿಂಗಳಿಗೆ ಸುಮಾರು ಒಂದು ಹೊಂಬಾಳೆ ಬಿಡುತ್ತೆ, ಹಾಗಾಗಿ ಮೇಲಿಂದ ಕೆಳಕ್ಕೆ ಒಂದೊಂದು ಗೊನೆಯೂ ಒಂದೊಂದು ತಿಂಗಳು. ಹತ್ತು ಊರು ಆರಿಸಿ, ಊರಿಗೆ ಹತ್ತು ಮರಕ್ಕೆ ಬಣ್ಣದ ಗುರುತು ಹಾಕಿ. ಕೊಳವೆಬಾವಿ ತೋಟ, ಮಳೆಯಾಶ್ರಿತ ತೋಟ ಬೇರೆ ಬೇರೆ ಬರೆಯಿರಿ. ಹರಳು ಮೊದಲ ಮೂರು ತಿಂಗಳು ಉದುರುತ್ತಲೇ ಇರುತ್ತೆ, ಅದನ್ನ ಎಣಿಸಬೇಡಿ. ಮುಷ್ಟಿಗಿಂತ ದೊಡ್ಡದಾದ ಕಾಯಿ ಮಾತ್ರ ಎಣಿಸಿ. ಮರ ಹತ್ತೋರು ಕಾಯಿ ಕೀಳೋಕೆ ಬಂದಾಗಲೇ ಹೇಳಿದ್ರೆ ಬೇರೆ ಖರ್ಚಿಲ್ಲ. ಮೊದಲ ವರ್ಷ ಹೋಲಿಸೋಕೆ ಏನೂ ಇರೋದಿಲ್ಲ, ಎರಡನೇ ವರ್ಷದಿಂದ ಮುಂದಿನ ವರ್ಷ ಅಟ್ಟಕ್ಕೆ ಎಷ್ಟು ಕಾಯಿ ಬರಬಹುದು ಅನ್ನೋ ಅಂದಾಜು ಸಿಗುತ್ತೆ. ಆ ಪುಸ್ತಕವನ್ನ ನಡಾವಳಿ ಪುಸ್ತಕದ ಜೊತೆಗೇ ಇಡಿ, ಪ್ರತಿ ಸಭೆಯಲ್ಲೂ ದರದ ಪಟ್ಟಿಗಿಂತ ಮೊದಲು ಅದನ್ನ ಓದಿಸಿ.