ಬೆಂಡೆಕಾಯಿ ಅಚ್ಚು: ಎರಡು ಚಿತ್ರಕಲಾ ಅವಧಿಗಳ ಅನುಭವ

ತರಗತಿ: ನಲಿ-ಕಲಿ (1ರಿಂದ 3)
ಮಕ್ಕಳು: 22
ಅವಧಿ: 40 ನಿಮಿಷ
ಸಾಮಗ್ರಿ: ಕಾಲು ಕೆಜಿ ಬೆಂಡೆಕಾಯಿ, ಪೋಸ್ಟರ್ ಕಲರ್, ಹಳೆಯ ಹತ್ತಿಬಟ್ಟೆ, ತಟ್ಟೆಗಳು, ಒಂದು ಬದಿ ಖಾಲಿ ಇರುವ ಹಾಳೆಗಳು

ಮೊದಲ ಅವಧಿ

ನಾನು ವಿಜ್ಞಾನದ ಪ್ರಶಿಕ್ಷಣಾರ್ಥಿ. ಬೋಧನಾಭ್ಯಾಸದ ಎರಡನೇ ವಾರ ನನಗೆ ಚಿಕ್ಕ ಮಕ್ಕಳ ಚಿತ್ರಕಲೆಯ ಎರಡು ಅವಧಿಗಳು ಸಿಕ್ಕವು. ಕಪ್ಪುಹಲಗೆಯ ಮೇಲೆ ಹೂಕುಂಡ ಬಿಡಿಸಿ, "ಹೀಗೇ ಬಿಡಿಸಿ" ಎಂದೆ. ಎಲ್ಲ ಹಾಳೆಗಳಲ್ಲೂ ಅದೇ ಹೂಕುಂಡ. ಎರಡನೇ ತರಗತಿಯ ಒಬ್ಬ ಹುಡುಗಿ ಮಾತ್ರ ಕುಂಡದ ಪಕ್ಕ ದೊಡ್ಡ ಕೋಳಿ ಬಿಡಿಸಿದ್ದಳು. "ಇಲ್ಲಿ ಕೋಳಿ ಯಾಕೆ?" ಎಂದು ಕೇಳಿ, ನಾನೇ ರಬ್ಬರ್ ತೆಗೆದುಕೊಂಡು ಅಳಿಸಿದೆ. ಅವಳು ಮತ್ತೆ ಪೆನ್ಸಿಲ್ ಮುಟ್ಟಲಿಲ್ಲ.

ಅವಧಿಯ ನಂತರ ಹಾಳೆಗಳನ್ನು ನೋಡಿದ ಮಾರ್ಗದರ್ಶಕರು ಕೇಳಿದ್ದು ಒಂದೇ ಪ್ರಶ್ನೆ: "ಇವುಗಳಲ್ಲಿ ಮಕ್ಕಳ ಚಿತ್ರ ಯಾವುದಮ್ಮ?" 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಲೆಯ ಎಲ್ಲ ಹಂತಗಳಲ್ಲೂ ಕಲೆ ಇರಬೇಕೆನ್ನುತ್ತದೆ ಎಂದು ಪರೀಕ್ಷೆಗೆ ಓದಿದ್ದೆ. ಉತ್ತರ ಹೊಳೆಯಲಿಲ್ಲ.

ಎರಡನೇ ಅವಧಿ

ಈ ಬಾರಿ ಚಿತ್ರ ತೋರಿಸದೆ, ವಿಧಾನ ಮಾತ್ರ ತೋರಿಸಲು ನಿರ್ಧರಿಸಿದೆ. ಬೆಂಡೆಕಾಯಿಗಳನ್ನು ಅಡ್ಡಲಾಗಿ ಮೊದಲೇ ಕತ್ತರಿಸಿಟ್ಟಿದ್ದೆ. ಮಕ್ಕಳು ಮೂಲೆ ಎಣಿಸಿದರು. ಹೆಚ್ಚಿನವಕ್ಕೆ ಐದು, ಆರು ಮೂಲೆಯವೂ ಸಿಕ್ಕವು.

ಮೊದಲ ಅಚ್ಚುಗಳು ಬರೀ ಬಣ್ಣದ ಮುದ್ದೆ. ಕಾರಣ ಎರಡು: ಕಾಯಿಯ ಲೋಳೆ, ಅತಿಯಾದ ಬಣ್ಣ. ಕತ್ತರಿಸಿದ ತುದಿಯನ್ನು ಒರೆಸಿಸಿದೆ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ತಟ್ಟೆಯಲ್ಲಿಟ್ಟು, ಅದಕ್ಕೆ ಬಣ್ಣ ಹೀರಿಸಿದೆ. ಆಮೇಲೆ ನಕ್ಷತ್ರಗಳು ಸ್ಪಷ್ಟವಾಗಿ ಮೂಡಿದವು. ನಾನು ಒತ್ತಿ ತೋರಿಸಿದ ಹಾಳೆಯನ್ನು ಎತ್ತಿಟ್ಟೆ.

ಆ ಹುಡುಗಿ ಹತ್ತು ನಿಮಿಷ ಸುಮ್ಮನೆ ಕುಳಿತಿದ್ದಳು. ಕೈ ಹಿಡಿದು ಒತ್ತಿಸೋಣವೆನಿಸಿತು, ತಡೆದುಕೊಂಡೆ. ಕೊನೆಗೆ ಹಾಳೆಯ ಈ ಮೂಲೆಯಿಂದ ಆ ಮೂಲೆಯವರೆಗೆ ಸಾಲಾಗಿ ನಕ್ಷತ್ರ ಒತ್ತಿದಳು. "ಇದರ ಬಗ್ಗೆ ಹೇಳು" ಎಂದೆ.

"ಕೋಳಿ ಹೆಜ್ಜೆ ಮಿಸ್."

"ಕೋಳಿ ಎಲ್ಲಿ?"

"ನೀವು ಅಳಿಸಿದ್ರಲ್ಲ, ಹೋಯ್ತು."

ತಪ್ಪಾಯಿತು ಎಂದು ಅವಳಿಗೆ ಹೇಳಿದೆ. ಅವಳು ತಲೆಯಾಡಿಸಿ, ಇನ್ನೊಂದು ಹಾಳೆ ಕೇಳಿದಳು.

ಸಹಪಾಠಿಗಳಿಗೆ ನನ್ನ ಸಲಹೆ

1. ಸಾಧನ ಬಳಸುವ ರೀತಿ ತೋರಿಸಿ. ಮಾದರಿ ಚಿತ್ರವನ್ನು ಕಣ್ಣೆದುರು ಬಿಡಬೇಡಿ.
2. ನಾಲ್ಕೈದು ಮಕ್ಕಳಿಗೆ ಒಂದು ಬಣ್ಣದ ತಟ್ಟೆ ಇಡಿ. ಕೊನೆಯ 10 ನಿಮಿಷ ಕೈ ತೊಳೆಯಲು ಬೇಕೇ ಬೇಕು.
3. "ಇದೇನು?" ಎನ್ನುವ ಬದಲು "ಇದರ ಬಗ್ಗೆ ಹೇಳು" ಎನ್ನಿ.
4. ಮಗುವಿನ ಹಾಳೆಯ ಮೇಲೆ ನಿಮ್ಮ ರಬ್ಬರ್ ಬೇಡ.