ದೂರದ ವಿಮಾನಯಾನ ಮತ್ತು ರಾತ್ರಿಭೋಜನ ತ್ಯಾಗ

ಮನಗೂಳಿಯಂತಹ ಊರಿನಲ್ಲಿ ರಾತ್ರಿಭೋಜನ ತ್ಯಾಗವನ್ನು ಪಾಲಿಸುವ ಶ್ರಾವಕನಿಗೆ ಗಡಿಯಾರದ ಅವಶ್ಯಕತೆಯೇ ಇಲ್ಲ. ಹೊತ್ತು ಮುಳುಗುವುದಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ, ಇರುವಾಗಲೇ ಊಟ ಮುಗಿಸಿ ಬಾಯಿ ತೊಳೆಯುವುದು ನಿಷ್ಠಾವಂತರ ರೂಢಿ. ಅಲ್ಲಿ ಡಿಸೆಂಬರಿನ ಸೂರ್ಯಾಸ್ತವು ಆರು ಗಂಟೆಯ ಆಸುಪಾಸಿನಲ್ಲಿ, ಜೂನ್ ತಿಂಗಳಿನದು ಏಳು ಗಂಟೆಯ ಆಸುಪಾಸಿನಲ್ಲಿ. ರೈಲು ಹತ್ತಿ ಬೆಂಗಳೂರಿಗೆ ಹೋದರೂ ರೇಖಾಂಶದ ಅಂತರದಿಂದ ಉಂಟಾಗುವ ವ್ಯತ್ಯಾಸ ಸುಮಾರು ಏಳು ನಿಮಿಷ ಮಾತ್ರ. ಬಂಡಿಯಲ್ಲಿಯೂ ರೈಲಿನಲ್ಲಿಯೂ ಸಂಚರಿಸಿದ ಹಿರಿಯರಿಗೆ ಸೂರ್ಯನು ಸಂದೇಹವನ್ನು ಒಡ್ಡಲಿಲ್ಲ. ಪಾದವಿಹಾರಿಗಳಾದ ಮುನಿಮಹಾರಾಜರಿಗಂತೂ ಈ ಪ್ರಶ್ನೆ ಇಂದಿಗೂ ಹುಟ್ಟುವುದಿಲ್ಲ.

ಆದರೆ ಅಂತಹ ಮನೆಯ ತಾಯಿಯು ಮಗಳ ಬಾಣಂತನಕ್ಕೆಂದು ಕ್ಯಾಲಿಫೋರ್ನಿಯಾಕ್ಕೆ ಹೊರಟಾಗ ಸ್ಥಿತಿಯು ತೀರ ಬೇರೆಯಾಗುತ್ತದೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ವಿಮಾನವೊಂದು ಉತ್ತರ ಧ್ರುವದ ಮೇಲಿನಿಂದ ಹಾದು, ಎಲ್ಲಿಯೂ ಇಳಿಯದೆ, ಸುಮಾರು 17 ಗಂಟೆಗಳಲ್ಲಿ ಬೆಂಗಳೂರನ್ನು ಮುಟ್ಟಿತು. ಆ ಎರಡು ಊರುಗಳ ನಡುವೆ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆಗಳ ಅಂತರವಿದೆ. ಇಲ್ಲಿಯ ಹಗಲೇ ಅಲ್ಲಿಯ ರಾತ್ರಿ. ಹಾಗಾದರೆ ವ್ರತವನ್ನು ಯಾವ ಸೂರ್ಯನಿಗೆ ಅನುಸರಿಸಿ ಪಾಲಿಸಬೇಕು?

ವ್ರತದ ಮೂಲವು ಜೀವದಯೆ. ಬೆಳಕಿಲ್ಲದಾಗ ಸೂಕ್ಷ್ಮಜೀವಿಗಳು ಆಹಾರದಲ್ಲಿ ಬಿದ್ದರೂ ಕಾಣಿಸವು. ಆದುದರಿಂದ ನಿಂತ ನೆಲದ ಮೇಲೆ ಕಾಣುವ ಸೂರ್ಯನೇ ಪ್ರಮಾಣವೆಂದು ತಿಳಿಯುವುದು ಯುಕ್ತ. ಕೈಗಡಿಯಾರದಲ್ಲಿ ಉಳಿದ ಮನಗೂಳಿಯ ವೇಳೆಯಲ್ಲ. ಜೂನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸೂರ್ಯಾಸ್ತ ರಾತ್ರಿ ಎಂಟೂವರೆಯ ಸುಮಾರಿಗೆ. ಡಿಸೆಂಬರಿನಲ್ಲಿ ಐದು ಗಂಟೆಗೂ ಮೊದಲೇ. ಲಂಡನ್ನಿನ ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲು. ಅಲ್ಲಿ ಸಂಜೆಯ ಊಟವನ್ನು ಮೂರು ಗಂಟೆಗೇ ಮುಗಿಸಬೇಕಾದೀತೆಂಬುದನ್ನು ಹೊರಡುವ ಮೊದಲೇ ಅರಿತಿರಬೇಕು.

ಸೂರ್ಯನನ್ನು ಒಪ್ಪಿಕೊಳ್ಳುವುದು ಮನಸ್ಸಿಗೆ ಸುಲಭ, ಶರೀರಕ್ಕೆ ಕಠಿಣ. ಮೆದುಳಿನಲ್ಲಿ, ಕಣ್ಣಿನ ನರಗಳು ಒಂದನ್ನೊಂದು ದಾಟುವ ಸ್ಥಳದ ಮೇಲೆ, ಸುಮಾರು ಇಪ್ಪತ್ತು ಸಾವಿರ ಜೀವಕೋಶಗಳ ಪುಟ್ಟ ಗುಂಪೊಂದು ನಿದ್ರೆ, ಹಸಿವು, ಮೈಬಿಸಿಗಳ ವೇಳೆಯನ್ನು ನಡೆಸುತ್ತದೆ. ಇಂತಹ ಗಡಿಯಾರವು ಜೀವಕೋಶದೊಳಗೆ ನಡೆಯುವ ಬಗೆಯನ್ನು ಕಂಡುಹಿಡಿದ ಹಾಲ್, ರಾಸ್ಬಾಷ್, ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಈ ಗಡಿಯಾರಕ್ಕೆ ಕೀಲಿ ಕೊಡುವುದು ಮುಖ್ಯವಾಗಿ ಕಣ್ಣಿಗೆ ಬೀಳುವ ಬೆಳಕು. ಯಕೃತ್ತು ಮೊದಲಾದ ಅಂಗಗಳ ಗಡಿಯಾರಕ್ಕೆ ಊಟದ ವೇಳೆಯೂ ಕೀಲಿಯಾಗುತ್ತದೆ. ಹೊಸ ಊರಿಗೆ ಹೊಂದಿಕೊಳ್ಳಲು ಒಂದು ಗಂಟೆಯ ಅಂತರಕ್ಕೆ ಹೆಚ್ಚುಕಡಿಮೆ ಒಂದು ದಿನ ಬೇಕೆಂಬುದು ಸ್ಥೂಲ ಲೆಕ್ಕ. ಶರೀರದ ಸಹಜ ದಿನವು 24 ಗಂಟೆಗಿಂತ ತುಸು ಉದ್ದವಾದುದರಿಂದ ಪಶ್ಚಿಮಕ್ಕೆ ಹೋದವರು ಬೇಗ ಹೊಂದಿಕೊಳ್ಳುವರು. ಪೂರ್ವಕ್ಕೆ ಹೋದವರಿಗೆ ತಡ. ಇದನ್ನೇ ಜೆಟ್ ಲ್ಯಾಗ್ ಎನ್ನುವರು.

ಬೇಸಿಗೆಯ ಕ್ಯಾಲಿಫೋರ್ನಿಯಾದಲ್ಲಿ ರಾತ್ರಿ ಎರಡು ಗಂಟೆಯೆಂದರೆ ಮನಗೂಳಿಯಲ್ಲಿ ಮಧ್ಯಾಹ್ನ ಎರಡೂವರೆ. ಆ ತಾಯಿಗೆ ಎಚ್ಚರವಾಗುತ್ತದೆ, ಹೊಟ್ಟೆ ಊಟ ಕೇಳುತ್ತದೆ. ಮನೆಯಲ್ಲಿ ಬಾಣಂತಿಗಾಗಿ ದೀಪ ಉರಿಯುತ್ತಿರುತ್ತದೆ, ಅಡುಗೆಯೂ ಸಿದ್ಧವಿರುತ್ತದೆ. “ನಮ್ಮೂರಲ್ಲಿ ಈಗ ಹಗಲಲ್ಲವೇ” ಎಂಬ ಸಮಾಧಾನವು ಸುಲಭವಾಗಿ ಹೊಳೆಯುವುದು ಆಗಲೇ. ಮೂವತ್ತು ವರ್ಷ ಕಾಯ್ದ ವ್ರತವು ಜಾರುವುದು ಆಕಾಶದಲ್ಲಿ ಅಲ್ಲ, ಈ ಎರಡನೆಯ ಮೂರನೆಯ ರಾತ್ರಿಗಳಲ್ಲಿ. ಆಗ ಉಂಡರೆ ಶರೀರಕ್ಕೂ ಹಿತವಿಲ್ಲ. ಜಠರವು ಹಳೆಯ ಊರಿನ ವೇಳೆಯನ್ನೇ ಹಿಡಿದು ಕೂಡುವುದು, ನಿದ್ರೆ ಇನ್ನಷ್ಟು ದೂರವಾಗುವುದು. ಹಗಲಿನಲ್ಲಿ ಹಸಿವಿಲ್ಲದಿದ್ದರೂ ಅಲ್ಲಿಯ ಊಟದ ಹೊತ್ತಿಗೆ ಸ್ವಲ್ಪವಾದರೂ ಉಣ್ಣಬೇಕು. ರಾತ್ರಿ ಎಚ್ಚರವಾದರೆ ದೀಪ ಹಚ್ಚದೆ ಣಮೋಕಾರ ಮಂತ್ರವನ್ನು ಜಪಿಸುತ್ತ ಮಲಗಿರಬೇಕು. ಹಗಲಿನಲ್ಲೇ ಉಣ್ಣುವ ನಿಯಮವಿರುವವರಿಗೆ ಈ ವಿಷಯದಲ್ಲಿ ಇತರ ಪ್ರಯಾಣಿಕರಿಗಿಂತ ಅನುಕೂಲವೇ ಹೆಚ್ಚು.

ಬೆಳಕಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಲಂಡನ್ನಿನಿಂದ ವಿಜಯಪುರಕ್ಕೆ ಮರಳಿದವರ ಶರೀರಕ್ಕೆ ಇಲ್ಲಿಯ ಬೆಳಗಿನ ಏಳು ಗಂಟೆಯೂ ನಡುರಾತ್ರಿಯೇ. ಆಗ ಬಿದ್ದ ಬಿಸಿಲು ಗಡಿಯಾರವನ್ನು ಹಿಂದಕ್ಕೆ ತಳ್ಳುತ್ತದೆ. ಅವರು ಮೊದಲ ಒಂದೆರಡು ದಿನ ಪ್ರಾತಃಕಾಲದ ಸಾಮಾಯಿಕವನ್ನು ಒಳಮನೆಯಲ್ಲಿ ಮಾಡಿ, ಹತ್ತು ಗಂಟೆಯ ನಂತರ ಹೊರಗೆ ತಿರುಗಾಡುವುದು ಲೇಸು.

ಇನ್ನು ವಿಮಾನದೊಳಗಿನ ಮಾತು. ಕಿಟಕಿ ಮುಚ್ಚಿರುವುದು, ದೀಪಗಳು ಸಿಬ್ಬಂದಿಯ ಇಚ್ಛೆಯಂತೆ ಉರಿಯುವವು, ತಟ್ಟೆ ಬರುವುದೂ ಅವರ ವೇಳೆಗೆ. ಪಶ್ಚಿಮಕ್ಕೆ ಹಾರುವಾಗ ಹಗಲು ಲಂಬಿಸುತ್ತದೆ. ಬೇಸಿಗೆಯಲ್ಲಿ ಧ್ರುವದ ಸಮೀಪ ಸೂರ್ಯನು ಮುಳುಗುವುದೇ ಇಲ್ಲ. ಸೂರ್ಯನು ಕಾಣುತ್ತಾನೆಂದು ನಾಲ್ಕು ಸಲ ಉಣ್ಣುವುದು ವ್ರತದ ಅಕ್ಷರವನ್ನು ಉಳಿಸಬಹುದು, ಭಾವವನ್ನಲ್ಲ. ಹತ್ತುವ ಮೊದಲು ಹಗಲಿನಲ್ಲಿ ಉಂಡು, ಇಳಿದು ಸೂರ್ಯನನ್ನು ಕಾಣುವವರೆಗೆ ಅನ್ನಾಹಾರದ ತ್ಯಾಗವನ್ನು ಸಂಕಲ್ಪಿಸುವುದೇ ನಿಸ್ಸಂದೇಹವಾದ ಮಾರ್ಗ. ಜೈನ ಊಟವನ್ನು ಮುಂಚಿತವಾಗಿ ಕೇಳಿ ಪಡೆಯಬಹುದಾದರೂ ಅದು ಎಂದು ಬೇಯಿಸಿದ್ದೆಂಬುದು ತಿಳಿಯದು. ಮನೆಯ ಕಟಕ ರೊಟ್ಟಿ ಬಹುದಿನ ಕೆಡದೆಂಬುದು ನಿಜ. ಆದರೆ ವ್ರತಿಗಳ ಆಹಾರಮರ್ಯಾದೆ ಬೇರೆ.

ನೀರಿನ ವಿಷಯದಲ್ಲಿ ಹಟ ಸಲ್ಲದು. ವಿಮಾನದ ಗಾಳಿ ಅತ್ಯಂತ ಒಣಗಿದ್ದು; ಬಹುಹೊತ್ತು ಕುಳಿತೇ ಇದ್ದರೆ ಕಾಲಿನ ರಕ್ತ ಹೆಪ್ಪುಗಟ್ಟುವ ಭಯವೂ ಉಂಟು. ರಾತ್ರಿ ನೀರನ್ನೂ ತ್ಯಜಿಸಿದವರು, ಮಧುಮೇಹಕ್ಕೆ ಔಷಧ ಸೇವಿಸುವವರು, ವೈದ್ಯರನ್ನು ಕೇಳಿ, ಗುರುಗಳ ಸನ್ನಿಧಿಯಲ್ಲಿ ಪ್ರಯಾಣಕಾಲದ ನಿಯಮವನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳತಕ್ಕದ್ದು. ನಿದ್ರೆಗಾಗಿ ಕೊಡುವ ಮೆಲಟೋನಿನ್ ಎಂಬ ಔಷಧವು ಎಷ್ಟೋ ಸಲ ಜೆಲಟಿನ್ ಕೋಶದಲ್ಲಿರುತ್ತದೆ. ಜೆಲಟಿನ್ ಪ್ರಾಣಿಗಳ ಎಲುಬು ಚರ್ಮಗಳಿಂದ ಆದುದು. ವೈದ್ಯರು ಬರೆದುಕೊಟ್ಟರೂ ಡಬ್ಬಿಯ ಮೇಲಿನ ಬರಹವನ್ನು ಓದಿಯೇ ಕೊಳ್ಳಬೇಕು.

ದಿಗ್ವ್ರತವನ್ನು ಸ್ವೀಕರಿಸಿದವರು ಟಿಕೆಟ್ಟಿಗೆ ಮೊದಲೇ ತಮ್ಮ ಸೀಮೆಯನ್ನು ನೆನೆಯಬೇಕು. ಅನುಕೂಲಕ್ಕಾಗಿ ಕ್ಷೇತ್ರವನ್ನು ಹಿಗ್ಗಿಸುವುದನ್ನು ತತ್ತ್ವಾರ್ಥಸೂತ್ರವು ಅತಿಚಾರವೆಂದೇ ಎಣಿಸಿದೆ. ಮೇಲ್ದಿಕ್ಕಿನ ಸೀಮೆಯನ್ನು ಮೀರುವುದೂ ಆ ಪಟ್ಟಿಯಲ್ಲಿದೆ. ವಿಮಾನವಾದರೋ ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಹಾರುತ್ತದೆ.

ಅಷ್ಟಾಹ್ನಿಕಕ್ಕೋ ದಶಲಕ್ಷಣ ಪರ್ವಕ್ಕೋ ಸರಿಯಾಗಿ ಹೋಗಿ ಇಳಿಯುವುದಕ್ಕಿಂತ ಎರಡು ವಾರ ಮುಂಚೆ ಇಳಿಯುವುದು ಒಳ್ಳೆಯದು. ನಿದ್ರೆಗೆಟ್ಟ ಶರೀರದಿಂದ ಪ್ರೋಷಧೋಪವಾಸವನ್ನು ಆರಂಭಿಸಿದವರು ಪಾರಣೆಯ ದಿನ ಹಾಸಿಗೆ ಹಿಡಿಯುವ ಸಂಭವವುಂಟು. ತಿಥಿಯನ್ನೂ ಅಲ್ಲಿಯ ಪಂಚಾಂಗದಿಂದಲೇ ನೋಡತಕ್ಕದ್ದು. ಸೂರ್ಯೋದಯದ ಮೇಲೆ ಆರು ಘಳಿಗೆ ಇರುವ ತಿಥಿಯೇ ವ್ರತಕ್ಕೆ ಗ್ರಾಹ್ಯವಷ್ಟೆ. ಮನಗೂಳಿಯಲ್ಲಿ ಮಂಗಳವಾರ ಮಧ್ಯಾಹ್ನ ಒಂದು ಗಂಟೆಗೆ ಮುಗಿಯುವ ಚತುರ್ದಶಿಯು ಬೇಸಿಗೆಯ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೋಮವಾರ ರಾತ್ರಿ 12-30ಕ್ಕೇ ಮುಗಿದಿರುತ್ತದೆ. ಊರಿನಲ್ಲಿ ಉಳಿದ ತಂದೆಯ ಉಪವಾಸ ಮಂಗಳವಾರ. ಅಲ್ಲಿರುವ ತಾಯಿಯದು ಸೋಮವಾರ.