ಟೊಳ್ಳು ಗೋಡೆಗಳಿಗೆ ಸಾಮಗ್ರಿ ಅಳವಡಿಕೆ: ಸದಸ್ಯರು ಅರಿತಿರಬೇಕಾದ ಅಂಶಗಳು

ಅಂಗನವಾಡಿ, ಶಾಲೆ, ಗ್ರಂಥಾಲಯ ಹಾಗೂ ಪಂಚಾಯತಿ ಕಚೇರಿಗಳಲ್ಲಿ ಟಿ.ವಿ., ನೀರು ಶುದ್ಧೀಕರಣ ಯಂತ್ರ, ಗೋಡೆ ಫ್ಯಾನು, ಪುಸ್ತಕದ ಹಲಗೆ ಮುಂತಾದವನ್ನು ಗೋಡೆಗೆ ಅಳವಡಿಸುವುದು ಅತಿ ಸಣ್ಣ ಕಾಮಗಾರಿಯೆಂದು ಪರಿಗಣಿಸಲ್ಪಡುತ್ತದೆ. ಆದರೆ ಅವುಗಳ ಕೆಳಗೆ ಕುಳಿತುಕೊಳ್ಳುವವರು ಮಕ್ಕಳು ಮತ್ತು ಸಾರ್ವಜನಿಕರು. ಇಟ್ಟಿಗೆ ಗೋಡೆಯಲ್ಲಿ ಭದ್ರವಾಗಿ ನಿಲ್ಲುವ ಸ್ಕ್ರೂ, ಹಾಲೋ ಬ್ಲಾಕ್ ಅಥವಾ ಜಿಪ್ಸಂ ಬೋರ್ಡ್ ಗೋಡೆಯಲ್ಲಿ ನಿಲ್ಲದೇ ಇರಬಹುದು. ಆದ್ದರಿಂದ ಈ ಕೆಳಗಿನ ಅಂಶಗಳನ್ನು ಸದಸ್ಯರ ಗಮನಕ್ಕೆ ತರಲಾಗಿದೆ.

1. ಗೋಡೆಯನ್ನು ಗುರುತಿಸುವುದು
ಬೆರಳಿನಿಂದ ತಟ್ಟಿದಾಗ ಡೋಲಿನಂತೆ ಸದ್ದು ಬಂದರೆ ಅದು ಬೋರ್ಡ್ ಗೋಡೆಯಾಗಿರುವ ಸಂಭವ ಹೆಚ್ಚು. ಗಾರೆ ಬಳಿದ ಗೋಡೆಯಲ್ಲಿ ಸದ್ದು ಮಾತ್ರ ಸಾಲದು. ರಂಧ್ರ ಕೊರೆಯುವಾಗ ಗಾರೆಯ ಪದರ ದಾಟಿದ ನಂತರ ಬರುವ ಪುಡಿಯನ್ನು ನೋಡಬೇಕು. ಕೆಂಪು ಪುಡಿ ಬಂದರೆ ಇಟ್ಟಿಗೆ. ಬೂದು ಪುಡಿ ಬಂದು, ಡ್ರಿಲ್ ಒಮ್ಮೆಲೇ ಒಳನುಗ್ಗಿದರೆ ಹಾಲೋ ಬ್ಲಾಕ್. ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೆ, ಕೆಳಗೆ ಹಾಗೂ ಅಕ್ಕಪಕ್ಕದಲ್ಲಿ ವಿದ್ಯುತ್ ತಂತಿ ಇರಬಹುದಾದ್ದರಿಂದ ಅಲ್ಲಿ ರಂಧ್ರ ಕೊರೆಯಬಾರದು.

2. ಭಾರವನ್ನು ಲೆಕ್ಕಹಾಕುವುದು
ವಸ್ತುವಿನ ತೂಕವಷ್ಟೇ ಮುಖ್ಯವಲ್ಲ. ಅದು ಗೋಡೆಯಿಂದ ಎಷ್ಟು ದೂರ ಚಾಚಿಕೊಂಡಿದೆ ಎಂಬುದೂ ಮುಖ್ಯ. ಉದಾಹರಣೆಗೆ, 12 ಕಿಲೋ ತೂಕದ ಟಿ.ವಿ.ಯನ್ನು ಗೋಡೆಯಿಂದ 40 ಸೆಂ.ಮೀ. ಹೊರಚಾಚುವ ತೋಳಿಗೆ ತೂಗುಹಾಕಲಾಗಿದ್ದು, ತೋಳಿನ ಪಟ್ಟಿಯ ಎತ್ತರ 15 ಸೆಂ.ಮೀ. ಇದ್ದರೆ, ಮೇಲಿನ ಸ್ಕ್ರೂಗಳನ್ನು ಗೋಡೆಯಿಂದ ಹೊರಗೆಳೆಯುವ ಬಲ 12 × 40 ÷ 15, ಅಂದರೆ 32 ಕಿಲೋ ಆಗುತ್ತದೆ. ನೀರಿನ ಯಂತ್ರಕ್ಕೆ ತುಂಬಿದ ತೂಕವನ್ನೇ ಹಿಡಿಯಬೇಕು. ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ.

3. ಹಿಡಿಕೆಯ ಆಯ್ಕೆ
(ಅ) ಹಾಲೋ ಬ್ಲಾಕ್: ಬ್ಲಾಕಿನ ಹೊರಪದರ ಸಾಮಾನ್ಯವಾಗಿ 25ರಿಂದ 35 ಮಿ.ಮೀ. ಮಾತ್ರ ಇರುತ್ತದೆ. ಬಿಗಿದಂತೆ ಹಿಗ್ಗುವ ಕಬ್ಬಿಣದ ಆಂಕರ್ ಫಾಸ್ಟನರ್ ಈ ಪದರವನ್ನು ಸೀಳಬಲ್ಲದು. ಹಗುರ ವಸ್ತುಗಳಿಗೆ ಪೊಳ್ಳಿನೊಳಗೆ ಗಂಟಿನಂತೆ ಸುತ್ತಿಕೊಳ್ಳುವ ನೈಲಾನ್ ಪ್ಲಗ್ ಸಾಕು. ಭಾರವಾದವುಗಳಿಗೆ ಜಾಲರಿ ಕೊಳವೆಯೊಂದಿಗೆ ಕೆಮಿಕಲ್ ಆಂಕರ್, ಇಲ್ಲವೇ ಗೋಡೆಯ ಆಚೆಬದಿಗೆ ಕಬ್ಬಿಣದ ಪಟ್ಟಿಯಿಟ್ಟು ಆರಪಾರ ಬೋಲ್ಟ್ ಬಳಸತಕ್ಕದ್ದು. ಡ್ರಿಲ್ಲನ್ನು ಹ್ಯಾಮರ್ ಇಲ್ಲದೆ ನಡೆಸತಕ್ಕದ್ದು.

(ಆ) ಜಿಪ್ಸಂ ಬೋರ್ಡ್: ದಪ್ಪ ಸಾಮಾನ್ಯವಾಗಿ 12.5 ಮಿ.ಮೀ. ಗಡಿಯಾರ, ಚಿತ್ರಪಟಗಳಿಗೆ ಬೋರ್ಡಿನ ಪ್ಲಗ್ ಸಾಕು. ಸಣ್ಣ ಹಲಗೆಗೆ ಹಿಂಬದಿಯಲ್ಲಿ ರೆಕ್ಕೆ ಬಿಚ್ಚುವ ಟಾಗಲ್ ಬೋಲ್ಟ್ ಸೂಕ್ತ. ಟಿ.ವಿ., ನೀರಿನ ಯಂತ್ರಗಳ ಭಾರವನ್ನು ಬೋರ್ಡಿನ ಮೇಲೆ ಹೊರಿಸಬಾರದು. ಒಳಗಿನ ಚೌಕಟ್ಟಿಗೆ, ಅಥವಾ ಬೋರ್ಡ್ ಮುಚ್ಚುವ ಮೊದಲೇ ಕೂರಿಸಿದ ಪ್ಲೈವುಡ್ ಹಲಗೆಗೆ ಬಿಗಿಯಬೇಕು. ಜಿಪ್ಸಂ ಚಾವಣಿಯಿಂದ ಫ್ಯಾನು ತೂಗುಹಾಕುವುದು ಸರ್ವಥಾ ಸಲ್ಲದು. ಆರ್‌ಸಿಸಿ ಚಾವಣಿಯ ಕೊಕ್ಕೆಯಿಂದಲೇ ತೂಗಬೇಕು.

ಸಡಿಲವಾದ ರಂಧ್ರಕ್ಕೆ ಬೆಂಕಿಕಡ್ಡಿ, ಕಾಗದ ತುರುಕಿ ಬಿಗಿಮಾಡುವ ರೂಢಿಯನ್ನು ಕೈಬಿಡತಕ್ಕದ್ದು. ಅಂತಹ ರಂಧ್ರವನ್ನು ಮುಚ್ಚಿಸಿ ಬೇರೆಡೆ ಕೊರೆಯಿಸಬೇಕು.

4. ಸದಸ್ಯರ ಪಾತ್ರ
ಅಂದಾಜು ಪಟ್ಟಿಯಲ್ಲಿ "ಅಳವಡಿಕೆ ಸೇರಿದಂತೆ" ಎಂಬ ಒಂದೇ ಪದಪುಂಜವಿದ್ದರೆ, ಗುತ್ತಿಗೆದಾರರು ಅಗ್ಗದ ಪ್ಲಗ್ ಬಳಸಿದರೂ ಪ್ರಶ್ನಿಸಲು ಆಧಾರವಿರುವುದಿಲ್ಲ. ಆದ್ದರಿಂದ ಗೋಡೆಯ ಬಗೆ, ವಸ್ತುವಿನ ತೂಕ, ಹಿಡಿಕೆಯ ಬಗೆ ಮತ್ತು ಸಂಖ್ಯೆ ಈ ನಾಲ್ಕೂ ಅಂದಾಜು ಪಟ್ಟಿಯಲ್ಲಿ ನಮೂದಾಗಿವೆಯೇ ಎಂದು ಸಭೆಯಲ್ಲಿ ಕೇಳುವುದು. ಬಿಲ್ಲು ಪಾವತಿಗೆ ಮುನ್ನ ಸ್ಥಳಕ್ಕೆ ಭೇಟಿ ನೀಡಿ, ಪಟ್ಟಿ ಅಲುಗಾಡುತ್ತಿದೆಯೇ, ಸುತ್ತಲೂ ಗಾರೆ ಬಿರುಕು ಬಿಟ್ಟಿದೆಯೇ ಎಂದು ಪರಿಶೀಲಿಸುವುದು. ದೋಷ ಕಂಡುಬಂದಲ್ಲಿ ವಸ್ತುವನ್ನು ಕೂಡಲೇ ಇಳಿಸಿ, ಸರಿಪಡಿಸಿದ ನಂತರವೇ ಪುನಃ ಅಳವಡಿಸಲು ಸೂಚಿಸುವುದು.

– ಪಂಚಾಯತಿ ಅಭಿವೃದ್ಧಿ ಅಧಿಕಾರಿ